ಆಷಾಢಕ್ಕೆ ಮುಂಚಿನ ಗುದ್ದಲಿ ಪೂಜೆ

ಮೊನ್ನೆ ಪರ್ತ್‌ನ ಫ್ರೀಮ್ಯಾಂಟಲ್ ಬಂದರಿನ ಬೇಲಿಯ ಪಕ್ಕ ಕಾಫಿ ಹಿಡಿದು ನಡೆಯುತ್ತಿದ್ದೆ. ರಸ್ತೆ ಬದಿಯಲ್ಲಿ ನಿಂತಿದ್ದ ಕಂಟೇನರ್ ಲಾರಿಯ ಡ್ರೈವರ್, ನಮ್ಮ ಕಡೆಯವನೇ ಇರಬೇಕು, ಹೊಸ ಗಾಡಿಯ ಮೂತಿಗೆ ಕರ್ಪೂರ ಬೆಳಗುತ್ತಿದ್ದ. ಎಂಜಿನ್ ಆರಿಸಿರಲಿಲ್ಲ. ಡೀಸೆಲ್ ಹೊಗೆ, ಕರ್ಪೂರದ ಹೊಗೆ ಎರಡೂ ಒಟ್ಟಿಗೆ ಮೂಗಿಗೆ ಬಡಿದವು. ಕಾಫಿಯನ್ನು ಕಸದ ಡಬ್ಬಿಗೆ ಹಾಕಿದೆ. ಅವನು ನಕ್ಕು, ಪ್ರಸಾದ ಅಂತ ಒಂದು ಚೂರು ಕೊಬ್ಬರಿ ಚಾಚಿದ. ಬೇಡ ಎಂದು ತಲೆಯಾಡಿಸಿ ಮುಂದೆ ಹೋದೆ. ಪಾಪ, ಅವನದೇನು ತಪ್ಪು. ನಾಗಣ್ಣನ ಆ ವರ್ಷ ಕಳೆದ ಮೇಲೆ ಈ ಎರಡು ವಾಸನೆ ಕೂಡಿ ಬಂದರೆ ನನಗೆ ಆಗುವುದಿಲ್ಲ.

ನನ್ನ ಕೆಲಸ ಏನೆಂದು ಮೈಸೂರಿನಲ್ಲಿರುವ ಅಮ್ಮನಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. "ಸರ್ಕಾರದೋರಿಗೆ ಬುದ್ಧಿ ಹೇಳೋ ಕೆಲಸ" ಎಂದು ಅಕ್ಕಪಕ್ಕದವರಿಗೆ ಹೇಳಿಕೊಂಡಿದ್ದಾರೆ. ಸರ್ಕಾರ ಯಾವತ್ತು ಯಾರ ಬುದ್ಧಿ ಕೇಳಿದೆಯೋ ನಾನಂತೂ ಕಾಣೆ. ಒಂದೇ ಸರ್ಕಾರದಿಂದ ಆಗದ ದೊಡ್ಡ ಕಾರ್ಖಾನೆಯ ಕೆಲಸವನ್ನು ನಾಲ್ಕಾರು ಸರ್ಕಾರಗಳು ಸೇರಿ ಮಾಡಬೇಕೆಂದುಕೊಂಡಾಗ, ಯಾವ ಭಾಗ ಎಲ್ಲಿ ಆಗಬೇಕು, ಯಾರು ಎಷ್ಟು ನೆರವು ಕೊಡಬೇಕು, ಆ ನೆರವು ಯಾವ ನಿಯಮಕ್ಕೂ ಅಡ್ಡ ಬರದ ಹಾಗೆ ಹೇಗೆ ಹೊಂದಿಸಬೇಕು ಎಂದು ಕೂತು ಬರೆದುಕೊಡುವವರು ನಾವು. ಮದುವೆ ಮನೆಯಲ್ಲಿ ಬೀಗರಿಬ್ಬರ ನಡುವೆ ಓಡಾಡುವ ಸೋದರತ್ತೆಯ ಕೆಲಸ ಅನ್ನಿ. ಬೈಗುಳವೂ ಅಷ್ಟೇ ಸಿಗುತ್ತದೆ.

ಆ ವರ್ಷ ನಮ್ಮ ಕೈಯಲ್ಲಿದ್ದದ್ದು ಬ್ಯಾಟರಿ ಯೋಜನೆ. ಪರ್ತ್, ಅಡಿಲೇಡ್, ಬ್ರಿಸ್ಬೇನ್ ಮೂರು ಕಡೆಯ ಸರ್ಕಾರಗಳು, ಸಮುದ್ರದಾಚೆಯಿಂದ ನಮ್ಮ ದೇಶದ್ದೂ ಒಂದು ಪಾಲು. ಪರ್ತ್ ಬಳಿ ಲಿಥಿಯಂ ಶುದ್ಧಿ ಮಾಡಬೇಕು, ಅಡಿಲೇಡಿನಲ್ಲಿ ಪರೀಕ್ಷೆ ಆಗಬೇಕು, ಬ್ರಿಸ್ಬೇನಿನಲ್ಲಿ ಬ್ಯಾಟರಿ ಕೂಡಿಸಬೇಕು, ಅರ್ಧ ಮಾಲು ಭಾರತದ ಕಾರ್ಖಾನೆಗಳಿಗೆ ಹೋಗಬೇಕು. ಕಾಗದದ ಮೇಲೆ ಎಲ್ಲರಿಗೂ ಒಂದೊಂದು ತುಂಡು ಸಿಕ್ಕಿತ್ತು. ಅದರಲ್ಲಿ ಪರ್ತ್‌ನ ತುಂಡು ನಾಗಣ್ಣನದು.

ನಾಗಣ್ಣ ಎಂದರೆ ನಾಗರಾಜ್. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಹುಟ್ಟಿ, ಸೈರನ್ ಕೇಳಿಕೊಂಡೇ ಬೆಳೆದವರು. ನನಗಿಂತ ಹತ್ತು ವರ್ಷ ದೊಡ್ಡವರು. ಇಲ್ಲಿನ ಗಣಿಗಳಲ್ಲಿ ಇನ್ನೊಬ್ಬರ ಕೈಕೆಳಗೆ ಬಹಳ ಕಾಲ ದುಡಿದು, ಗಣಿಯವರು ಬೇಡವೆಂದು ಬಿಸಾಡಿದ ಕಲ್ಲುಪುಡಿಯಿಂದಲೇ ಲಿಥಿಯಂ ತೆಗೆಯುವ ಒಂದು ಉಪಾಯ ಕಂಡುಕೊಂಡಿದ್ದರು. ಕೆಲಸ ಬಿಟ್ಟು, ಪರ್ತ್ ಹೊರವಲಯದ ಸದರ್ನ್ ರಿವರ್‌ನ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು, ದಕ್ಷಿಣದ ಕೈಗಾರಿಕಾ ಪ್ರದೇಶದಲ್ಲಿ ಒಂದು ಮರಳು ನಿವೇಶನ ಗುತ್ತಿಗೆಗೆ ಹಿಡಿದಿದ್ದರು. ಸರ್ಕಾರದ ನೆರವು ಬಂದರೆ ಅಲ್ಲಿ ಕಾರ್ಖಾನೆ ಏಳುತ್ತದೆ. ಬರದಿದ್ದರೆ ಮನೆಯೂ ಇಲ್ಲ, ಕಾರ್ಖಾನೆಯೂ ಇಲ್ಲ. ಅವರ ಪರಿಚಯ ನನಗಿದೆ ಎಂದು ಮೊದಲ ದಿನವೇ ನನ್ನ ಮೇಲಧಿಕಾರಿ ಕೆರಿನ್‌ಗೆ ಹೇಳಿದ್ದೆ. "ಪ್ರಾಮಾಣಿಕತೆ ಅಂದರೆ ನೀನೇ" ಎಂದು ಭುಜ ತಟ್ಟಿದ್ದಳು. ಆ ಹೆಂಗಸು ದನಿ ಏರಿಸಿದ್ದನ್ನು ನಾನು ಕಂಡಿಲ್ಲ. ಕೊಯ್ಯುವಾಗಲೂ ಜೇನು ಸವರಿದ ಮಾತೇ.

ಬೇಸಿಗೆ ಕಳೆದು ಬಿಸಿಲು ಮೆತ್ತಗಾಗಿದ್ದ ಒಂದು ಭಾನುವಾರ ನಾಗಣ್ಣನ ಮನೆಯ ಅಡುಗೆಮನೆಯಲ್ಲಿ ಕೂತು ನೆರವಿನ ನಿಯಮ ಹೇಳಿದೆ. ನಾಗಣ್ಣನ ಹೆಂಡತಿ ಸುಮಿತ್ರಕ್ಕ ಅಕ್ಕಿ ರೊಟ್ಟಿ ತಟ್ಟುತ್ತಿದ್ದರು.

"ಕಿವಿಗೊಟ್ಟು ಕೇಳಿ ನಾಗಣ್ಣ. ಅರ್ಜಿ ಹಾಕಿ, ಒಪ್ಪಿಗೆ ಆಗಿ, ಸಹಿ ಬೀಳೋವರೆಗೂ ಆ ಜಾಗದಲ್ಲಿ ಏನೂ ಕೆಲಸ ಶುರು ಮಾಡೋ ಹಾಗಿಲ್ಲ. ಮಿಷನ್ ಆರ್ಡರ್ ಮಾಡೋ ಹಾಗಿಲ್ಲ, ಪಾಯ ತೋಡೋ ಹಾಗಿಲ್ಲ."

"ಯಾಕಮ್ಮ?"

"ನೆರವು ಇಲ್ದೇನೇ ಶುರು ಮಾಡ್ಬಿಟ್ರೆ, ನಿಮಗೆ ನೆರವು ಬೇಕಾಗೇ ಇರ್ಲಿಲ್ಲ ಅಂತ ಆಯ್ತಲ್ಲ. ಆಗ ಕೊಡಲ್ಲ."

"ಹಸಿವು ತಡೀಲಾರದೆ ಒಂದು ಮುಷ್ಟಿ ಅವಲಕ್ಕಿ ತಿಂದ್ರೆ, ಇನ್ನು ಊಟ ಇಲ್ಲ ಅಂದ ಹಾಗಾಯ್ತು."

"ಸರಿಯಾಗೇ ಇದೆ," ಎಂದರು ಸುಮಿತ್ರಕ್ಕ. "ನಿಮಗೆ ಅವಲಕ್ಕಿ ಕೊಟ್ರೆ ಆಮೇಲೆ ಊಟ ಎಲ್ಲಿ ಮಾಡ್ತೀರಿ ನೀವು."

ನಾವು ಮೂವರೂ ನಕ್ಕೆವು. ನಾಗಣ್ಣ ಎದೆಯ ಮೇಲೆ ಕೈ ಇಟ್ಟು, "ಒಂದು ಮೊಳೆ ಹೊಡೆಯಲ್ಲ, ಸರಿನಾ?" ಎಂದರು. ಮಾತು ತಪ್ಪುವ ಮನುಷ್ಯನಲ್ಲ ಅವರು. ತಪ್ಪಲೂ ಇಲ್ಲ, ಅವರ ಲೆಕ್ಕದಲ್ಲಿ.

ಜೂನ್ ಹೊತ್ತಿಗೆ ಇಲ್ಲಿ ಚಳಿಗಾಲ ಬಂತು. ಪರ್ತ್‌ನಲ್ಲಿ ಮಳೆ ಶುರುವಾಗುವ ಹೊತ್ತಿಗೆ ನನ್ನನ್ನು ಬ್ರಿಸ್ಬೇನಿಗೆ ಓಡಿಸಿದರು. ಅಲ್ಲಿ ಚಳಿಗಾಲದಲ್ಲೂ ಬಿಸಿಲು. ನದಿಗೆ ಮುಖ ಮಾಡಿದ ಕಚೇರಿಯಲ್ಲಿ ಕೂತು, ನಾಲ್ಕು ಸರ್ಕಾರಗಳವರ ನಾಲ್ಕು ಥರದ ಸಿಟ್ಟನ್ನು ಒಂದೇ ಭಾಷೆಗೆ ತರುವುದರಲ್ಲಿ ವಾರಗಳು ಕಳೆದವು. ಇದರ ನಡುವೆ ಒಂದು ನಿಯಮ ಹೊಸದಾಗಿ ಸೇರಿತು. ಸಾರ್ವಜನಿಕ ದುಡ್ಡು ಪಡೆಯುವವರು ತಮ್ಮ ವಿದ್ಯೆಯನ್ನು ಯೋಜನೆಯ ಉಳಿದವರ ಜೊತೆ ಹಂಚಿಕೊಳ್ಳಬೇಕು. ತಪ್ಪೇನಿಲ್ಲ, ಒಳ್ಳೆಯ ನಿಯಮವೇ. ನಾಗಣ್ಣ ಎಲ್ಲರಿಗಿಂತ ಮೊದಲು ತಮ್ಮ ನಕ್ಷೆ, ಪ್ರಯೋಗದ ಫಲಿತಾಂಶ ಎಲ್ಲವನ್ನೂ ಬಿಚ್ಚಿ ಕೊಟ್ಟರು. ಅಡಿಲೇಡಿನ ಕಂಪನಿಯವರು, ಶುದ್ಧಿ ಮಾಡುವ ಕಾರ್ಖಾನೆ ತಮಗೇ ಬೇಕೆಂದು ಮೊದಲಿನಿಂದ ಕಣ್ಣಿಟ್ಟಿದ್ದವರು, ತುಂಬಾ ಶ್ರದ್ಧೆಯಿಂದ ಓದಿಕೊಂಡರು.

ಅರ್ಜಿ ಕರೆಯುವುದು ಜುಲೈನಲ್ಲಿ ಎಂದು ನಿಗದಿಯಾಯಿತು. ಜುಲೈ ಎಂದರೆ ಈ ದೇಶದವರಿಗೆ ಬರೀ ಜುಲೈ. ಸುಮಿತ್ರಕ್ಕನಿಗೆ ಆಷಾಢ. ಆಷಾಢ ಬಿದ್ದರೆ ಭೂಮಿ ಪೂಜೆಯ ಮಾತೇ ಇಲ್ಲ. ಅದಾದ ಮೇಲೆ ನಾಗಣ್ಣನ ಜಾತಕಕ್ಕೆ ಹೊಂದುವ ಮುಹೂರ್ತ ಹತ್ತಿರದಲ್ಲಿಲ್ಲ ಎಂದು ಭದ್ರಾವತಿಯ ಪುರೋಹಿತರು ವಿಡಿಯೋ ಕರೆಯಲ್ಲಿ ಹೇಳಿದರಂತೆ. ಹಾಗಾಗಿ ಜ್ಯೇಷ್ಠ ಮುಗಿಯುವ ಮುಂಚೆ, ಒಂದು ಶುಕ್ರವಾರ ಬೆಳಿಗ್ಗೆ, ಆ ಮರಳು ನಿವೇಶನದಲ್ಲಿ ಗುದ್ದಲಿ ಪೂಜೆ ಆಗಿಹೋಯಿತು. ನನ್ನನ್ನು ಕರೆಯಲಿಲ್ಲ, ಹೇಳಲೂ ಇಲ್ಲ. ನಾನು ಸರ್ಕಾರದ ಕಡೆಯ ಕೆಲಸದವಳು, ಪೂಜೆಗೆ ಬಂದರೆ ನಾಳೆ ಯಾರಾದರೂ ನನ್ನ ಮೇಲೆ ಬೆರಳು ತೋರಿಸಿಯಾರು ಎಂದು ನಾಗಣ್ಣ ಯೋಚಿಸಿದ್ದರು. ಅಷ್ಟು ಸೂಕ್ಷ್ಮ ಆ ಮನುಷ್ಯ. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆಗಸ್ಟಿನಲ್ಲಿ ಬ್ರಿಸ್ಬೇನಿನ ಸಭೆ. ಅರ್ಜಿಗಳೆಲ್ಲ ಬಂದಿದ್ದವು. ದೊಡ್ಡ ಮೇಜಿನ ಸುತ್ತ ಎಲ್ಲ ಸರ್ಕಾರಗಳವರೂ ಕೂತಿದ್ದರು. ಕೆರಿನ್ ಎದ್ದು, "ಮುಂದೆ ಹೋಗುವ ಮುನ್ನ ಒಂದು ಚೆಂದದ ವಿಡಿಯೋ ನೋಡೋಣ, ಅಡಿಲೇಡಿನ ಕಂಪನಿಯ ಗೆಳೆಯರು ಕಳಿಸಿದ್ದಾರೆ" ಎಂದು ಗೋಡೆಯ ಪರದೆಯ ಕಡೆ ಕೈ ತೋರಿಸಿದಳು.

ಪರದೆಯ ಮೇಲೆ ನಾಗಣ್ಣ ರೇಷ್ಮೆ ಪಂಚೆಯಲ್ಲಿ ಚಳಿಗೆ ನಡುಗುತ್ತಿದ್ದರು. ಸುಮಿತ್ರಕ್ಕ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ತಟ್ಟೆ ಹಿಡಿದಿದ್ದರು. ಹೊಸ ಗುದ್ದಲಿಗೆ ಅರಿಶಿನ, ಕುಂಕುಮ. ಅವರ ಹಿಂದೆ ಹಳದಿ ಬಣ್ಣದ ದೊಡ್ಡ ಡಿಗ್ಗರ್ ಯಂತ್ರ, ಅದರ ಕೊರಳಿಗೆ ಸೇವಂತಿಗೆ ಹಾರ, ಚಕ್ರದ ಪಟ್ಟಿಯ ಕೆಳಗೆ ಹಿತ್ತಲಿನ ನಿಂಬೆಹಣ್ಣು. ನಾಗಣ್ಣ ಗುದ್ದಲಿಯಿಂದ ಮೂರು ಸಲ ಮಣ್ಣೆತ್ತಿದರು. ಆಮೇಲೆ ಯಂತ್ರ ಗುರ್ರೆಂದು ಮುಂದೆ ಬಂದು, ನಿಂಬೆಹಣ್ಣು ಚಪ್ಪಟೆ ಮಾಡಿ, ನೆಲಕ್ಕೆ ಹಲ್ಲಿಟ್ಟು ಒಂದು ಬಕೆಟ್ ಮರಳು ಎತ್ತಿ ಪಕ್ಕಕ್ಕೆ ಸುರಿಯಿತು. ಪೂಜೆಗೆ ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಕ್ಯಾಮೆರಾ ಹಿಡಿದಿದ್ದವಳ ದನಿ ಕೇಳಿಸಿತು: "ವೂಹೂ! ಗೋ, ಡ್ಯಾಡ್!" ಅದು ಅವರ ಮಗಳು ಮೇಘನಾ. ಅಡಿಲೇಡಿನ ಬೆಡ್‌ಫರ್ಡ್ ಪಾರ್ಕ್ ಬಡಾವಣೆಯ ಕಾಲೇಜಿನಲ್ಲಿ ನರ್ಸಿಂಗ್ ಓದುತ್ತಿದ್ದವಳು ಪೂಜೆಗೆಂದೇ ವಿಮಾನ ಹತ್ತಿ ಬಂದಿದ್ದಳು. ಅಪ್ಪನ ಕಾರ್ಖಾನೆ ಶುರುವಾಯಿತೆಂದು ಇನ್‌ಸ್ಟಾಗ್ರಾಮಿನಲ್ಲಿ ಊರಿಗೆಲ್ಲ ಹಂಚಿದ್ದಳು.

ಮೇಜಿನ ಸುತ್ತ ಇದ್ದವರ ಮುಖದಲ್ಲಿ ನಗು. "ಎಷ್ಟು ಬಣ್ಣ!" ಎಂದರು ಒಬ್ಬರು. ವಕೀಲೆಯೊಬ್ಬಳು ಮಾತ್ರ ಕನ್ನಡಕ ಸರಿಮಾಡಿಕೊಂಡು ಕೇಳಿದಳು, "ಸಹಿ ಬೀಳುವ ಮುಂಚೆಯೇ ಕೆಲಸ ಶುರು ಮಾಡಿದ್ದಾರಾ?"

ನಾನು ಎದ್ದು ನಿಂತೆ. "ಇದು ಕೆಲಸ ಅಲ್ಲ, ಪೂಜೆ. ಕೆಲಸ ಶುರು ಮಾಡೋಕೆ ಭೂಮಿಯ ಅಪ್ಪಣೆ ಕೇಳೋದು. ಹೊಸ ಹಡಗು ನೀರಿಗಿಳಿಸುವಾಗ ನೀವು ಅದರ ಮೂತಿಗೆ ಬಾಟಲಿ ಒಡೆಯುವುದಿಲ್ಲವೇ, ಹಾಗೆ" ಎಂದೆ.

"ನಮ್ಮ ಬಾಟಲಿ ಮಣ್ಣು ಅಗೆಯುವುದಿಲ್ಲ, ಶೈಲಾ," ಎಂದಳು ಕೆರಿನ್. ನಗುತ್ತಲೇ. ಆಮೇಲೆ ಇನ್ನೂ ಮೃದುವಾಗಿ, "ನಿನಗೆ ಆ ಕುಟುಂಬ ಬೇಕಾದವರು. ಕಷ್ಟ ಆಗುತ್ತೆ, ನನಗೆ ಅರ್ಥವಾಗುತ್ತೆ. ಕೆಳಗೆ ಹೋಗಿ ಒಂದು ಕಾಫಿ ಕುಡಿದು ಬಾ."

ನನ್ನ ಪ್ರಾಮಾಣಿಕತೆಯನ್ನೇ ಹಿಡಿದು ನನ್ನನ್ನು ಬಾಗಿಲಾಚೆ ಹಾಕಿದಳು. ಹೋದೆ. ಹೋಗದೆ ಏನು ಮಾಡಲಿ? ನದಿಯ ದಂಡೆಯಲ್ಲಿ ಕೂತು ದೋಣಿಗಳು ಆಚೀಚೆ ಹೋಗುವುದನ್ನು ನೋಡಿದೆ. ವಾಪಸು ಬಂದಾಗ ಪರದೆಯ ಮೇಲಿನ ನಕ್ಷೆ ಬದಲಾಗಿತ್ತು. ಶುದ್ಧಿ ಕಾರ್ಖಾನೆಯ ಗುರುತು ಪರ್ತ್‌ನಿಂದ ಎದ್ದು ಅಡಿಲೇಡಿಗೆ ಹೋಗಿ ಕೂತಿತ್ತು. ಪರ್ತ್‌ಗೆ ಬದಲಿಗೆ ಒಂದು ಗೋದಾಮು ಸಿಕ್ಕಿತ್ತು. ಯಾರಿಗೂ ಬೇಜಾರಿರಲಿಲ್ಲ. ಬಿಸ್ಕತ್ತಿನ ತಟ್ಟೆ ಸುತ್ತು ಹೊಡೆಯುತ್ತಿತ್ತು.

ಪರ್ತ್‌ಗೆ ಮರಳಿದ ದಿನ ಬಿಡದೆ ಮಳೆ. ಫೋನಿನಲ್ಲಿ ಹೇಳುವ ಮಾತಲ್ಲ ಎಂದು ನೇರ ನಿವೇಶನಕ್ಕೇ ಹೋದೆ. ನಾಗಣ್ಣ ರೇನ್‌ಕೋಟ್ ಹಾಕಿಕೊಂಡು ಬೇಲಿಯ ತಂತಿ ಬಿಗಿಯುತ್ತಿದ್ದರು. ಡಿಗ್ಗರ್ ತೋಡಿದ ಗುಂಡಿಯಲ್ಲಿ ನೀರು ನಿಂತಿತ್ತು, ಒಂದು ಸೇವಂತಿಗೆ ದಂಟು ತೇಲುತ್ತಿತ್ತು. ನಡೆದದ್ದನ್ನೆಲ್ಲ ಹೇಳಿದೆ. ಅವರು ಇಕ್ಕಳ ಕೆಳಗಿಡದೆ ಕೇಳಿಸಿಕೊಂಡರು.

"ಕೆಲಸ ಎಲ್ಲಿ ಶುರು ಮಾಡ್ದೆ ಶೈಲಾ? ಪೂಜೆ ಮಾಡ್ದೆ. ಪೂಜೆನೇ ಇಲ್ದೆ ಕೆಲಸ ಶುರು ಮಾಡೋಕಾಗತ್ತಾ, ನೀನೇ ಹೇಳು."

"ಗುದ್ದಲಿ ಸಾಕಾಗಿರ್ಲಿಲ್ವಾ ನಿಮಗೆ? ಆ ದರಿದ್ರದ ಡಿಗ್ಗರ್ ಯಾಕೆ ತರಿಸಿದ್ರಿ?" ನನ್ನ ದನಿ ಏರಿಬಿಟ್ಟಿತು. ಯಾರ ಮೇಲಿನ ಸಿಟ್ಟನ್ನು ಯಾರ ಮೇಲೆ ಹಾಕುತ್ತಿದ್ದೇನೆ ಎಂದು ಗೊತ್ತಿತ್ತು, ಆದರೂ ಹಾಕಿದೆ.

"ತರಿಸ್ಲಿಲ್ಲಮ್ಮ. ಪಕ್ಕದ ಯಾರ್ಡಿನವನದು. ಅಲ್ಲೇ ನಿಂತಿತ್ತು, ಪಾಪ, ಅದಕ್ಕೂ ಒಂದು ಹಾರ ಇರ್ಲಿ ಅಂತ. ಭದ್ರಾವತೀಲಿ ನಮ್ಮಪ್ಪ ಯಾವ ಮಿಷನ್ನೂ ಬಿಟ್ಟು ಪೂಜೆ ಮಾಡ್ತಿರ್ಲಿಲ್ಲ. ಆಮೇಲೆ ಮೇಘನಾ ಅಂದ್ಲು, ಗುದ್ದಲೀದು ವಿಡಿಯೋಲಿ ಚೆನ್ನಾಗಿ ಕಾಣಲ್ಲ, ಒಂದ್ ಬಕೆಟ್ ಎತ್ತಿಸು ಅಂತ..."

ಮಳೆ ಹುಬ್ಬಿನಿಂದ ಇಳಿದು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಅವರು ನೋಡಿದ್ದು ಅವಳ ವಿಡಿಯೋನಾ?"

"ಹೂಂ."

"ಅವಳಿಗೆ ಹೇಳ್ಬೇಡ."

"ಮತ್ತೆ ಏನಂತೀರಿ?"

"ಸರ್ಕಾರ ಮನಸ್ಸು ಬದಲಾಯಿಸ್ತು ಅಂತೀನಿ. ಸರ್ಕಾರ ಅಂದ್ರೆ ಯಾರು ಬೇಕಾದ್ರೂ ನಂಬ್ತಾರೆ."

ನಾನು ಸುಮ್ಮನೆ ಕೂರಲಿಲ್ಲ. ಆಕ್ಷೇಪಣೆ ಬರೆದೆ, ಪೂಜೆ ಎಂದರೇನೆಂದು ಬರೆದೆ, ಆ ಗುಂಡಿಯಲ್ಲಿ ಒಂದು ಮೇಕೆಮರಿಯೂ ಮುಳುಗದೆಂದು ಬರೆದೆ. ಎಲ್ಲಕ್ಕೂ ವಂದನೆಗಳೊಂದಿಗೆ ಉತ್ತರ ಬಂತು, ನಿಯಮ ಎಲ್ಲರಿಗೂ ಒಂದೇ ಎಂದು. ನಾಗಣ್ಣ ಹಂಚಿಕೊಂಡ ವಿದ್ಯೆಯನ್ನಾದರೂ ವಾಪಸು ಕೊಡಿ ಎಂದೆ. ಓದಿದ್ದನ್ನು ವಾಪಸು ಕೊಡುವುದು ಹೇಗೆ ಎಂದು ಕೆರಿನ್ ನಿಜಕ್ಕೂ ತಿಳಿಯದವಳ ಹಾಗೆ ಕೇಳಿದಳು. ಅಕ್ಟೋಬರಿಗೆ, ಇಲ್ಲಿನ ವಸಂತದ ಹೊತ್ತಿಗೆ, ನಾಗಣ್ಣನ ಕಂಪನಿ ಮುಚ್ಚಿತು. ಸದರ್ನ್ ರಿವರ್‌ನ ಮನೆಯ ಮುಂದೆ ಮಾರಾಟದ ಫಲಕ ನಿಂತಿತು. ಅದರ ಹಿಂದೆ ನಿಂಬೆಗಿಡ ಕಾಯಿ ಕಚ್ಚಿಕೊಂಡು ನಿಂತಿತ್ತು, ಕೀಳುವವರಿರಲಿಲ್ಲ.

ಸುಮಿತ್ರಕ್ಕ ನನ್ನ ಜೊತೆ ಮಾತು ಬಿಟ್ಟರು. ಒಂದು ದಿನ ದೇವಸ್ಥಾನದಲ್ಲಿ ಎದುರಾದಾಗ ಪಕ್ಕದವರಿಗೆ ಕೇಳಿಸುವ ಹಾಗೆ, "ಬಂದ್ಲು ನೋಡಿ, ಸರ್ಕಾರಕ್ಕೆ ಬುದ್ಧಿ ಹೇಳೋಳು" ಎಂದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಆಷಾಢ ಆಷಾಢ ಎಂದು ಗಂಡನ ಬೆನ್ನು ಹತ್ತಿದ್ದು ಯಾರು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವರು ಅದನ್ನು ತಮಗೆ ತಾವೇ ದಿನಕ್ಕೆ ಎಷ್ಟು ಸಲ ಕೇಳಿಕೊಳ್ಳುತ್ತಿದ್ದರೋ. ಮನೆಯಲ್ಲಿ ದೇವರಿಗೆ ದೀಪ ಹಚ್ಚುವುದನ್ನೇ ಬಿಟ್ಟಿದ್ದಾರೆಂದು ಆಮೇಲೆ ನಾಗಣ್ಣ ಹೇಳಿದರು.

ಹೊಸ ವರ್ಷ ಕಳೆದು ಸ್ವಲ್ಪ ದಿನಕ್ಕೆ ಕೆರಿನ್ ನನ್ನನ್ನು ಕರೆದು, ಉಡುಗೊರೆ ಕೊಡುವವಳ ಹಾಗೆ, "ನಿನ್ನ ಸ್ನೇಹಿತನಿಗೆ ಒಳ್ಳೆಯ ಸುದ್ದಿ" ಎಂದಳು. ಅಡಿಲೇಡಿನ ಕಂಪನಿ ನಾಗಣ್ಣನಿಗೆ ಕೆಲಸ ಕೊಡುತ್ತದಂತೆ. ಕಾಗದದ ಮೇಲಿದ್ದ ಅವರ ಉಪಾಯ ನೆಲದ ಮೇಲೆ ನಡೆಯಬೇಕಾದರೆ ಅವರೇ ಬೇಕಿತ್ತು, ಅಷ್ಟೇ ಸಂಗತಿ. ಅದನ್ನೇ ದೊಡ್ಡತನ ಮಾಡಿ ಹೇಳಿದಳು. ನಾಗಣ್ಣ ಒಪ್ಪಿಕೊಂಡರು.

"ಒಪ್ಪಬೇಡಿ," ಎಂದೆ ನಾನು ಫೋನಿನಲ್ಲಿ. "ಸ್ವಲ್ಪನಾದ್ರೂ ಸ್ವಾಭಿಮಾನ ಬೇಡ್ವಾ?"

"ಮೇಘನಾ ಓದು ಇನ್ನೂ ಇದೆ. ಅಲ್ಲಾದ್ರೆ ಅವಳ ಹತ್ರಾನೇ ಇರ್ತೀವಿ," ಎಂದರು. "ಅದೂ ಅಲ್ದೆ, ಶೈಲಾ, ಆ ಮಿಷನ್ ಒಂದ್ಸಲ ಓಡೋದು ನೋಡ್ಬೇಕು ನಾನು. ಯಾರ ಹೆಸರಲ್ಲಾದ್ರೂ ಓಡ್ಲಿ."

ಮುಂದಿನ ಚಳಿಗಾಲಕ್ಕೆ ಅಡಿಲೇಡಿನ ಉತ್ತರದ ಬಯಲಿನಲ್ಲಿ ಸರ್ಕಾರಿ ಶಂಕುಸ್ಥಾಪನೆ ನಿಗದಿಯಾಯಿತು. ಭಾರತದಿಂದ ನಿಯೋಗ ಬರುವುದಿತ್ತು. "ಆ ವಿಡಿಯೋದಲ್ಲಿ ಇದ್ದ ಹಾಗೇ ಮಾಡೋಣ, ಅತಿಥಿಗಳಿಗೆ ಇಷ್ಟ ಆಗುತ್ತೆ," ಎಂದಳು ಕೆರಿನ್. ನಾನು ಪಂಚಾಂಗ ನೋಡಿದೆ, ಸರಿಯಾಗಿ ಆಷಾಢದ ನಡುವೆ ಬಂದಿತ್ತು. ತಿಂಗಳು ಒಳ್ಳೆಯದಲ್ಲ ಎಂದೆ. ಮಂತ್ರಿಗಳಿಗೆ ಬೇರೆ ದಿನ ಬಿಡುವಿಲ್ಲ ಎಂದಳು. ಪೂಜೆ ಮಾಡಿಸಲು ನನಗೆ ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ಪರವಾಗಿಲ್ಲ, ಸೈಟಿನಲ್ಲೇ ಒಬ್ಬರಿದ್ದಾರಲ್ಲ ಎಂದಳು.

ಹೋಗದೆ ಇರಬಹುದಿತ್ತು. ನಾಗಣ್ಣನನ್ನು ಅಲ್ಲಿ ಒಬ್ಬರನ್ನೇ ಬಿಡಲು ಮನಸ್ಸು ಬರಲಿಲ್ಲ.

ಬಯಲಿನಲ್ಲಿ ಬಿಳಿ ಡೇರೆ, ಕೆಂಪು ಹಾಸು, ಮೈಕು. ಮಳೆ ಬಂದು ನಿಂತಿತ್ತು, ಗಾಳಿ ಮೂಳೆಗೆ ಇಳಿಯುತ್ತಿತ್ತು. ಡಿಗ್ಗರ್‌ಗೆ ಪ್ಲಾಸ್ಟಿಕ್ ಹೂವಿನ ಹಾರ ಹಾಕಿದ್ದರು. ನಾಗಣ್ಣ ಕಿತ್ತಳೆ ಬಣ್ಣದ ಸೈಟ್ ಜಾಕೆಟ್ಟಿನಲ್ಲಿ, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಕೈಯಲ್ಲಿ ಅದೇ ಗುದ್ದಲಿ ಹಿಡಿದು ನಿಂತಿದ್ದರು. ಪರ್ತ್‌ನ ಅರಿಶಿನ ಹಿಡಿಯ ಸಂದಿನಲ್ಲಿ ಇನ್ನೂ ಇತ್ತು.

"ಅದನ್ನ ಯಾಕೆ ತಂದ್ರಿ?" ಎಂದೆ.

"ಕೇಳಿದ್ರು. ತಂದೆ." ನನ್ನ ಮುಖ ನೋಡದೆ ಹೇಳಿದರು.

ಸುಮಿತ್ರಕ್ಕ ಬಂದಿರಲಿಲ್ಲ. ಮೇಘನಾ ಬಂದಿದ್ದಳು, ಕ್ಲಾಸ್ ತಪ್ಪಿಸಿ. "ಹಾಯ್ ಶೈಲಾ ಆಂಟಿ!" ಎಂದು ಅಪ್ಪಿಕೊಂಡಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಅಪ್ಪ ಕೊನೆಗೂ ಒಂದು ದೊಡ್ಡ ಯೋಜನೆಯಲ್ಲಿ ಇದ್ದಾರೆಂದು ಹುಡುಗಿಯ ಮುಖ ಅರಳಿತ್ತು. ಫೋನ್ ಎತ್ತಿ ಹಿಡಿದು ಎಲ್ಲವನ್ನೂ ತೆಗೆಯುತ್ತಿದ್ದಳು. ನಾಗಣ್ಣ ಕರ್ಪೂರ ಹಚ್ಚಿದರು, ಗಾಳಿಗೆ ಆರಿತು, ಮತ್ತೆ ಹಚ್ಚಿದರು. ಡಿಗ್ಗರಿನ ಎಂಜಿನ್ ಗುಡುಗುಡು ಎನ್ನುತ್ತಿತ್ತು. ಅವರು ಕಾಯಿ ಒಡೆದು, ಗುದ್ದಲಿಯನ್ನು ಎರಡೂ ಕೈಯಲ್ಲಿ ಮಂತ್ರಿಗಳಿಗೆ ಕೊಟ್ಟು, ಹಿಂದೆ ಸರಿದು ನಮ್ಮ ಪಕ್ಕ ಬಂದು ನಿಂತರು.

ಆಗ ಕೆರಿನ್ ಬಂದಳು. ಮೇಘನಾಳ ಭುಜದ ಮೇಲೆ ಕೈ ಇಟ್ಟು, "ನೀನೇ ಅಲ್ಲವಾ ಮಗಳು? ಆ ಮೊದಲ ವಿಡಿಯೋ ನಿನ್ನದೇ ತಾನೆ? ಎಂಥ ಚೆಂದದ ವಿಡಿಯೋ. ಈ ಸಮಾರಂಭಕ್ಕೆ ಅದೇ ಪ್ರೇರಣೆ," ಎಂದಳು. ನಾನು ಅಡ್ಡ ಬಂದು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು, ಸಾಂತ್ವನ ಹೇಳುವ ದನಿಯಲ್ಲಿ, "ಪರ್ತ್‌ನ ಅರ್ಜಿಗೆ ಅದರಿಂದ ಪೆಟ್ಟಾಯಿತು, ನಿಜ. ಆದರೆ ನಿನಗೇನು ಗೊತ್ತಿತ್ತು, ಪಾಪ. ನೋಡು, ಎಲ್ಲ ಒಳ್ಳೆಯದೇ ಆಯಿತಲ್ಲ," ಎಂದು ಅವಳ ಕೆನ್ನೆ ಸವರಿ ಅತಿಥಿಗಳ ಕಡೆ ಹೋದಳು.

ಮೇಘನಾ ಫೋನ್ ಇಳಿಸಲಿಲ್ಲ. ಕೈ ಹಾಗೇ ಇತ್ತು, ಮುಖ ಮಾತ್ರ ಅಪ್ಪನ ಕಡೆ ತಿರುಗಿತು. ಹುಟ್ಟಿದಾಗಿನಿಂದ ಡ್ಯಾಡ್ ಎಂದೇ ಕರೆದವಳು.

"ಅಪ್ಪಾ," ಎಂದಳು. "ನನ್ನಿಂದಾನಾ?"

ನಾಗಣ್ಣ ಎದುರಿಗೇ ನೋಡುತ್ತಿದ್ದರು. ಅಲ್ಲಿ ಮಂತ್ರಿಗಳು ಅವರ ಗುದ್ದಲಿಯನ್ನು ನೆಲಕ್ಕೆ ಊರುತ್ತಿದ್ದರು, ಮೈಕಿನಲ್ಲಿ ಯಾರೋ ಇವತ್ತು ಕೆಲಸ ಶುರುವಾಯಿತು ಎಂದು ಸಾರುತ್ತಿದ್ದರು.

"ಅಲ್ನೋಡು, ಅಗೀತಾ ಇದಾರೆ," ಎಂದರು ನಾಗಣ್ಣ, ಮಗಳ ಮೊಣಕೈಯನ್ನು ಮೆಲ್ಲಗೆ ಮೇಲೆತ್ತಿ. "ತೆಗಿ ಪುಟ್ಟ, ಸರಿಯಾಗಿ ತೆಗಿ. ಈ ಸಲ ಏನೂ ತೊಂದ್ರೆ ಇಲ್ಲ."

ಅವಳು ಕಣ್ಣು ಒರೆಸಿಕೊಳ್ಳದೆ ತೆಗೆದಳು.